ಸಿಂಹಳದ್ವೀಪದ ಬಾನುಲಿ

ಪುರಾಣಗಳಲ್ಲಿ ಅಶರೀರವಾಣಿಯ ಪ್ರಸ್ತಾಪವು ಬಂದೆಡೆಯಲ್ಲೆಲ್ಲ ಒಂದು ವಿಶೇಷವನ್ನು ಕಾಣಬಹುದು. ವಾಣಿಯು ಮೇಲಿನಿಂದ ಕೇಳಿಬರುವುದು. ಕೇಳಿದವನು ಹಿಗ್ಗಬಹುದು, ಅಳಬಹುದು, ಕಂಸನಂತೆ ಕತ್ತಿಯನ್ನು ಹಿರಿದು ತಂಗಿಯ ಮುಡಿಗೆ ಕೈಯಿಕ್ಕಲೂಬಹುದು. ಆದರೆ ಆ ವಾಣಿಯನ್ನು ಮರಳಿ ಒಂದು ಮಾತು ಕೇಳುವ ಅವಕಾಶವು ಅವನಿಗಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನು ಸ್ಥಾಪಿಸಿದಾಗ ಆ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಹೆಸರು ಬಹು ಸೊಗಸಾದುದು; ಮುಂದೆ ಭಾರತದ ಬಾನುಲಿಗೆಲ್ಲ ಅದೇ ಹೆಸರಾಯಿತು. ಶಬ್ದವು ಆಕಾಶದ ಗುಣವೆಂದು ಹೇಳುವ ತಾರ್ಕಿಕರೂ ಅದನ್ನು ಮೆಚ್ಚಿಯಾರು. ಆದರೆ ಹೆಸರಿನೊಡನೆ ಅಶರೀರವಾಣಿಯ ಹಳೆಯ ನ್ಯೂನತೆಯೂ ಬಾನುಲಿಗೆ ಅಂಟಿಕೊಂಡು ಬಂದಿತೆನ್ನಬೇಕು. ನಗರದಲ್ಲಿ ಕುಳಿತ ಕೆಲವರು ನುಡಿಯುವರು, ನಾಡೆಲ್ಲ ಕೇಳುವುದು. ಕೇಳುವವನಿಗೂ ಒಂದು ಬಾಯಿ ಉಂಟೆಂಬುದು ಬಹುಕಾಲ ಹೆಚ್ಚು ಜನಕ್ಕೆ ಹೊಳೆಯಲಿಲ್ಲ.

ಈ ಮಾತು ಸ್ವಲ್ಪಮಟ್ಟಿಗಾದರೂ ಹೊಳೆದ ನಾಡುಗಳಲ್ಲಿ ನೆರೆಯ ಸಿಂಹಳದ್ವೀಪವು ಒಂದು. ವಿಸ್ತಾರದಲ್ಲಿ ಅದು ಕರ್ನಾಟಕದ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಅಂಥ ಕಿರಿಯ ನಾಡಿಗೆ ಹೋದ ಪ್ರವಾಸಿಯು ಬಾನುಲಿಯ ವಿಷಯದಲ್ಲಿ ಎರಡು ಸಂಗತಿಗಳನ್ನು ಕಂಡು ಬೆರಗಾಗುವನು. ಒಂದು, ಕೊಲಂಬೋ ನಗರದ ದೊಡ್ಡ ಕೇಂದ್ರದ ಕೀರ್ತಿ. ಸಮುದ್ರವನ್ನು ದಾಟಿ ಹಿಮಾಲಯದವರೆಗೆ ಮುಟ್ಟಿದ ದನಿ ಅದು. ಇನ್ನೊಂದು, ಕ್ಯಾಂಡಿಯ ದಕ್ಷಿಣದ ಬೆಟ್ಟಗಳ ನಡುವೆ, ಒಂದು ಕಣಿವೆಯನ್ನು ದಾಟಿದರೆ ಕೇಳಿಸದಷ್ಟು ಸಣ್ಣದಾದ ಕೋತ್ಮಲೆಯ ಕೇಂದ್ರದ ವೃತ್ತಾಂತ. ಮೊದಲನೆಯದನ್ನು ಕನ್ನಡಿಗರೂ ಬಲ್ಲರು. ಎರಡನೆಯದನ್ನು ಬಲ್ಲವರು ವಿರಳ. ಆದರೆ ವಿಚಾರಕ್ಕೆ ಅದೇ ಹೆಚ್ಚು ಯೋಗ್ಯವಾದುದು. ಅದನ್ನು ತಿಳಿಯಬೇಕಾದರೆ ಮೊದಲನೆಯದರಿಂದಲೇ ಹೊರಡಬೇಕು.

1921ರಲ್ಲಿ ಎಡ್ವರ್ಡ್ ಹಾರ್ಪರ್ ಎಂಬ ಆಂಗ್ಲ ಎಂಜಿನಿಯರು ಸಿಂಹಳದ ತಂತಿ ಇಲಾಖೆಯ ಮುಖ್ಯಾಧಿಕಾರಿಯಾಗಿ ಕೊಲಂಬೋಗೆ ಬಂದನು. ನಿಸ್ತಂತುವಿನ ಹುಚ್ಚು ಆಗ ಜಗತ್ತಿಗೆಲ್ಲ ಹೊಸದು. ಹಾರ್ಪರನ ಕೈಗೆ ಸಿಕ್ಕಿದ್ದು, ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕಿದ ಒಂದು ಜರ್ಮನ್ ಜಲಾಂತರ್ಗಾಮಿ ನೌಕೆಯಿಂದ ಕಳಚಿದ ನಿಸ್ತಂತು ಸಾಮಗ್ರಿ. ಹಡಗುಗಳನ್ನು ಮುಳುಗಿಸುವ ನೌಕೆಗಾಗಿ ಮಾಡಿದ ಆ ಭಾಗಗಳಿಂದಲೇ ಆತನೂ ಅವನ ಸಂಗಡಿಗರೂ ಒಂದು ಪ್ರಸಾರಯಂತ್ರವನ್ನು ಕಟ್ಟಿ, 1923ರಲ್ಲಿ ಕೇಂದ್ರ ತಂತಿ ಕಚೇರಿಯ ಒಂದು ಕೋಣೆಯಿಂದ ಗ್ರಾಮಫೋನಿನ ಸಂಗೀತವನ್ನು ಆಕಾಶಕ್ಕೆ ಬಿಟ್ಟರು. ಲಂಡನ್ನಿನ ಬಿ. ಬಿ. ಸಿ.ಯು ಪ್ರಾರಂಭವಾಗಿ ಆಗ ವರ್ಷವೊಂದು ಕಳೆದಿತ್ತೋ ಇಲ್ಲವೋ! 1925ರ ಡಿಸೆಂಬರ್ 16ರಂದು ಗವರ್ನರ್ ಸರ್ ಹ್ಯೂ ಕ್ಲಿಫರ್ಡನು ವೆಲಿಕಡದಲ್ಲಿ ಕ್ರಮಬದ್ಧವಾದ ಪ್ರಸಾರವನ್ನು ಆರಂಭಿಸಿದನು. ಭಾರತದಲ್ಲಿ ಮದರಾಸಿನ ರೇಡಿಯೋ ಕ್ಲಬ್ಬು 1924ರಲ್ಲಿಯೇ ಹವ್ಯಾಸವಾಗಿ ಪ್ರಸಾರವನ್ನು ತೊಡಗಿತ್ತಾದರೂ, ಬೊಂಬಾಯಿಯ ಕೇಂದ್ರವು ಹುಟ್ಟಿದ್ದು 1927ರ ಜುಲೈ ತಿಂಗಳಿನಲ್ಲಿ. ಆದುದರಿಂದ ಸರ್ಕಾರವೇ ನಿಂತು ನಡೆಯಿಸಿದ ನಿಯತವಾದ ಬಾನುಲಿಯಲ್ಲಿ ದ್ವೀಪವು ಭಾರತಕ್ಕಿಂತ ಒಂದು ಹೆಜ್ಜೆ ಮುಂದಿತ್ತೆಂಬುದು ನಿಜ. ಅದರಲ್ಲಿ ನುಡಿಯುತ್ತಿದ್ದವರು ಯಾರು, ಕೇಳುತ್ತಿದ್ದವರು ಯಾರು ಎಂದು ಕೇಳಿದರೆ, ಎರಡಕ್ಕೂ ಬಹುಮಟ್ಟಿಗೆ ಒಂದೇ ಉತ್ತರ: ಕೊಲಂಬೋ ನಗರದ ದೊರೆಗಳು, ಅವರ ಸುತ್ತಲಿನ ಇಂಗ್ಲಿಷ್ ಬಲ್ಲ ಸಂಸಾರಗಳು. ಭತ್ತದ ಗದ್ದೆಯ ರೈತನಿಗೂ ಚಹದ ತೋಟದ ಕೂಲಿಯಾಳಿಗೂ ಈ ವಾಣಿಯು ನಿಜವಾಗಿಯೂ ಅಶರೀರವಾಗಿತ್ತು.

ಎರಡನೆಯ ಮಹಾಯುದ್ಧವು ಈ ಸಣ್ಣ ಕೇಂದ್ರಕ್ಕೆ ಮಹಾಪ್ರಾಣವನ್ನು ಕೊಟ್ಟಿತು. 1944ರಲ್ಲಿ ಆಗ್ನೇಯ ಏಷ್ಯದ ಮಿತ್ರಸೇನೆಗಳ ದಂಡನಾಯಕನಾದ ಮೌಂಟ್‌ಬ್ಯಾಟನ್ನನು ತನ್ನ ಪಾಳೆಯವನ್ನು ಕ್ಯಾಂಡಿಗೆ ಸಾಗಿಸಿದನು. ದೂರದ ಕಾಡುಗಳಲ್ಲಿ ಕಾದುತ್ತಿದ್ದ ಸೈನಿಕರ ಮನೋರಂಜನೆಗಾಗಿ ‘ರೇಡಿಯೋ ಸೀಯಾಕ್’ ಎಂಬ ಕೇಂದ್ರವು ಹುಟ್ಟಿತು. ಕೊಲಂಬೋದ ಉತ್ತರಕ್ಕಿರುವ ಏಕಲದಲ್ಲಿ 100 ಕಿಲೋವಾಟ್ ಸಾಮರ್ಥ್ಯದ ಭಾರಿ ಪ್ರಸಾರಯಂತ್ರವನ್ನು ನಿಲ್ಲಿಸಿದರು. ಯುದ್ಧವು ಮುಗಿದು ಸೈನಿಕರು ಮನೆಗೆ ಹೋದರು. ಯಂತ್ರವು ಮಾತ್ರ ಉಳಿಯಿತು. ಅದು ಸ್ವತಂತ್ರ ಸಿಂಹಳದ ಕೈಸೇರಿ, 1949ರಲ್ಲಿ ‘ರೇಡಿಯೋ ಸಿಲೋನ್’ ಎಂಬ ಪ್ರತ್ಯೇಕ ಇಲಾಖೆಯಾಯಿತು. 1950ರಲ್ಲಿ ಜಾಹೀರಾತುಗಳನ್ನು ಸ್ವೀಕರಿಸುವ ವಾಣಿಜ್ಯ ವಿಭಾಗವೂ ಏರ್ಪಟ್ಟಿತು. ಒಂದು ಯುದ್ಧದ ನೌಕೆಯಿಂದ ಹುಟ್ಟಿದ ಬಾನುಲಿಯು ಮತ್ತೊಂದು ಯುದ್ಧದ ಪಾಳೆಯದಿಂದ ಬೆಳೆಯಿತು.

ಇಲ್ಲಿ ಯಂತ್ರದ ಧರ್ಮವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಏಕಲದ ಯಂತ್ರವು ಬಳಸಿದುದು ಹ್ರಸ್ವತರಂಗಗಳನ್ನು. ಇವು ನೆಟ್ಟಗೆ ಮೇಲೇರಿ, ನೂರಾರು ಕಿಲೋಮೀಟರು ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದ್ಯುಕ್ತವಾದ ವಾಯುಮಂಡಲದ ಸ್ತರದಿಂದ, ಕನ್ನಡಿಗೆ ಬಿದ್ದ ಬೆಳಕಿನಂತೆ, ಬಾಗಿ ಮರಳುವುವು. ಮರಳಿ ಬೀಳುವ ಸ್ಥಳವು ಸಾವಿರಾರು ಕಿಲೋಮೀಟರು ದೂರವಾಗಬಹುದು. ಆದಕಾರಣ ಕೊಲಂಬೋ ನಗರದಲ್ಲಿ ಆಡಿದ ಮಾತು ಪಕ್ಕದ ಬೆಟ್ಟದ ಮರೆಯ ಹಳ್ಳಿಗೆ ಸರಿಯಾಗಿ ಕೇಳಿಸದಿದ್ದರೂ ಧಾರವಾಡಕ್ಕೂ ಕಾಶಿಗೂ ಸ್ಪಷ್ಟವಾಗಿ ಕೇಳಿಸುವುದುಂಟು. ದೂರಕ್ಕೆ ಹತ್ತಿರವಾಗಿ ಹತ್ತಿರಕ್ಕೆ ದೂರವಾಗುವುದು ಇದರ ಸ್ವಭಾವ. ಇದು ಕೇವಲ ಭೌತಶಾಸ್ತ್ರದ ಮಾತಾಗಿ ಉಳಿಯಲಿಲ್ಲ.

1952ರಲ್ಲಿ ಬಿ. ವಿ. ಕೇಸ್ಕರರು ಭಾರತದ ಪ್ರಸಾರ ಖಾತೆಯ ಮಂತ್ರಿಗಳಾದರು. ಅವರು ಸಂಗೀತದ ಶುದ್ಧಿಯಲ್ಲಿ ನಿಷ್ಠೆಯುಳ್ಳವರು. ಚಲಚ್ಚಿತ್ರದ ಹಾಡುಗಳು ಜನರ ರುಚಿಯನ್ನು ಕೆಡಿಸುವುವೆಂಬುದು ಅವರ ಮತ. ಚಿತ್ರಗೀತೆಗಳಿಗೆ ಕಟ್ಟುಪಾಡುಗಳು ಬಂದುವು. ನಿರ್ಮಾಪಕರೊಡನೆ ಮನಸ್ತಾಪವಾಗಿ ಅವು ಭಾರತದ ಬಾನುಲಿಯಿಂದ ಹೆಚ್ಚುಕಡಮೆ ಮರೆಯಾದುವು. ಹಾಡು ಮರೆಯಾಯಿತೇ ಹೊರತು ಕೇಳುವ ಕಿವಿಯು ಮರೆಯಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ, ಹಲ್ಲುಜ್ಜುವ ಪೇಸ್ಟಿನ ಹೆಸರನ್ನು ಹೊತ್ತ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಅದನ್ನು ನಡೆಯಿಸಿದ ಅಮೀನ್ ಸಾಯಾನಿಯವರು ಇದ್ದುದು ಬೊಂಬಾಯಿಯಲ್ಲಿ; ಅವರ ಮಾತು ಮುದ್ರಿತವಾಗಿ ವಾರವಾರವೂ ವಿಮಾನದಲ್ಲಿ ಕೊಲಂಬೋಗೆ ಹೋಗಿ, ಅಲ್ಲಿಂದ ಆಕಾಶಮಾರ್ಗವಾಗಿ ಬೊಂಬಾಯಿಗೇ ಮರಳುತ್ತಿತ್ತು. ಭಾರತದವನು ಭಾರತದವನಿಗೆ ಭಾರತದ ಹಾಡನ್ನು ಕೇಳಿಸಬೇಕಾದರೆ ಸೇತುವೆಯನ್ನು ಎರಡು ಸಲ ದಾಟಬೇಕಾಯಿತು! ಮೊದಲ ಕಾರ್ಯಕ್ರಮಕ್ಕೇ ಸುಮಾರು 9,000 ಕಾಗದಗಳು ಬಂದುವೆಂದು ಸಾಯಾನಿಯವರು ಹೇಳುತ್ತಿದ್ದರು. ಕನ್ನಡ ನಾಡಿನಲ್ಲಿಯೂ ಬುಧವಾರದ ರಾತ್ರಿ ರೇಡಿಯೋ ಇದ್ದ ಮನೆಯ ಜಗಲಿಯಲ್ಲಿ ನೆರೆಹೊರೆಯ ಹುಡುಗರು ಗುಂಪುಗೂಡುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುವರು. ದಕ್ಷಿಣದ ಇತರ ಭಾಷೆಗಳೊಡನೆ ಕನ್ನಡದ ಚಿತ್ರಗೀತೆಗಳೂ ಆ ಕೇಂದ್ರದಿಂದ ಕೇಳಿಬಂದುದುಂಟು. ಕಡೆಗೆ ಭಾರತವು 1957ರ ಅಕ್ಟೋಬರಿನಲ್ಲಿ ‘ವಿವಿಧ ಭಾರತಿ’ಯನ್ನು ತೆರೆದು ತನ್ನ ಹಾಡುಗಳನ್ನು ತಾನೇ ಹಾಡತೊಡಗಿತು. ಸಿಲೋನಿನ ಕೀರ್ತಿಯು ಆಮೇಲೆಯೂ ಬಹುಕಾಲ ಬಾಡಲಿಲ್ಲ.

ಇಷ್ಟು ಭಾಗವು ಎಲ್ಲರೂ ಬಲ್ಲ ಕಥೆ. ಅದೇ ವರ್ಷ, ಅದೇ ಕೇಂದ್ರದ ಒಳಗೆ ನಡೆದ ಇನ್ನೊಂದು ಪ್ರಕರಣವನ್ನು ಭಾರತದಲ್ಲಿ ಹೆಚ್ಚು ಜನರು ಅರಿಯರು. ಸಿಂಹಳದ ಗಾಯಕರನ್ನು ಪರೀಕ್ಷಿಸಿ ಶ್ರೇಣಿಗಳಾಗಿ ವಿಂಗಡಿಸಬೇಕೆಂದು ರೇಡಿಯೋ ಸಿಲೋನಿನ ಅಧಿಕಾರಿಗಳು 1952ರಲ್ಲಿ ಲಖ್ನೋವಿನ ಭಾತಖಂಡೆ ವಿದ್ಯಾಲಯದ ಪಂಡಿತ ಎಸ್. ಎನ್. ರತಂಜನಕರರನ್ನು ಆಹ್ವಾನಿಸಿದರು. ಪಂಡಿತರ ವಿದ್ವತ್ತಿನಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಸಿಂಹಳದ ಹಳ್ಳಿಗಳ ಹಾಡುಗಳೇ ಅಲ್ಲಿನ ಸಂಗೀತಕ್ಕೆ ಆಧಾರವಾಗಬೇಕೆಂದು ಅವರೇ ಸಲಹೆಯನ್ನೂ ಇತ್ತರು. ಆದರೆ ಸುನಿಲ್ ಶಾಂತ ಎಂಬ ಗಾಯಕನು ಪರೀಕ್ಷೆಗೆ ಕುಳ್ಳಿರಲು ಒಪ್ಪಲಿಲ್ಲ. ಆತನು ಸಾಮಾನ್ಯನಲ್ಲ, 1946ರಿಂದ ಅದೇ ಬಾನುಲಿಯಲ್ಲಿ ಹಾಡಿ ಮನೆಮನೆಗೂ ಪರಿಚಿತನಾಗಿದ್ದವನು. ಹಿಂದೂಸ್ಥಾನಿ ಸಂಗೀತವನ್ನು ತಿಳಿಯದವನೂ ಅಲ್ಲ. ಅದೇ ಲಖ್ನೋವಿನ ವಿದ್ಯಾಲಯದಲ್ಲಿಯೇ ಕಲಿತು ಬಂದವನು. ಸಿಂಹಳದ ಹಾಡು ಸಿಂಹಳದ ಹಾಡಾಗಿಯೇ ನಿಲ್ಲಬೇಕು, ಉತ್ತರ ಭಾರತದ ಅಳತೆಗೋಲಿನಿಂದ ಅದನ್ನು ಅಳೆಯಲಾಗದು ಎಂಬುದು ಅವನ ವಾದ. ಪರಿಣಾಮವೇನೆಂದರೆ, ದ್ವೀಪಕ್ಕೆಲ್ಲ ಪ್ರಿಯವಾದ ಆ ಕಂಠಕ್ಕೆ ದ್ವೀಪದ ಬಾನುಲಿಯ ಬಾಗಿಲು ಮುಚ್ಚಿಹೋಯಿತು. ಅದು ಮತ್ತೆ ತೆರೆದುದು ಸುಮಾರು ಹದಿನೈದು ವರ್ಷಗಳ ಮೇಲೆ, 1967ರಲ್ಲಿ.

ಸುನಿಲ್ ಶಾಂತನು ಕುಮಾರತುಂಗ ಮುನಿದಾಸರ ‘ಹೆಳ ಹವುಲ’ ಎಂಬ ಪಂಥಕ್ಕೆ ಸೇರಿದವನು. ಸಂಸ್ಕೃತದ ಬೆರಕೆಯಿಲ್ಲದ ಅಚ್ಚ ಸಿಂಹಳವನ್ನು ಬಳಸಬೇಕೆಂಬುದು ಆ ಪಂಥದವರ ಹಟ. ಕಬ್ಬಿಗರ ಕಾವವನ್ನು ಬಲ್ಲ ಕನ್ನಡಿಗರಿಗೆ ಈ ಹಟವು ಹೊಸದಲ್ಲ. ಆಂಡಯ್ಯನು ಅದನ್ನು ಹದಿಮೂರನೆಯ ಶತಮಾನದಲ್ಲಿಯೇ ಹಿಡಿದು ಗೆದ್ದವನು. ಸಂಸ್ಕೃತವನ್ನು ತಾಯಿಯ ಹಾಲೆಂದು ಬಗೆದವರಿಗೆ ಇಂಥ ಹಟವು ಅತಿಯೆಂದು ತೋರಬಹುದು. ಆದರೆ ಸಿಂಹಳದ ಮೂಲೆಯಲ್ಲಿ ಹಾಡುವವನು ಹಾಡಲು ಯೋಗ್ಯನೋ ಅಲ್ಲವೋ ಎಂಬುದನ್ನು ಲಖ್ನೋವಿನಿಂದ ಬಂದವರು ನಿರ್ಣಯಿಸಬೇಕಾದುದೂ ಅತಿಯೇ ಅಲ್ಲವೇ? ಒಂದೇ ವರ್ಷದಲ್ಲಿ ಕೊಲಂಬೋದ ಬಾನುಲಿಯು, ಭಾರತವು ಹೊರಗಟ್ಟಿದ ಹಾಡುಗಳಿಗೆ ಮನೆಯ ಬಾಗಿಲನ್ನು ತೆರೆದು, ತನ್ನ ಮನೆಯ ಹಾಡುಗಾರನನ್ನು ಹೊರಗೆ ನಿಲ್ಲಿಸಿತು. ಹ್ರಸ್ವತರಂಗದ ಸ್ವಭಾವವೇ ಕೇಂದ್ರದ ಸ್ವಭಾವವೂ ಆಗಿದ್ದಿತು.

1967ರಲ್ಲಿ ಇಲಾಖೆಯು ನಿಗಮವಾಯಿತು; 1972ರಲ್ಲಿ ನಾಡು ಗಣರಾಜ್ಯವಾಗಿ ಶ್ರೀಲಂಕಾ ಎಂಬ ಹೆಸರನ್ನು ತಳೆದಾಗ ನಿಗಮವೂ ಹೆಸರನ್ನು ಬದಲಿಸಿತು. 1979ರಲ್ಲಿ ಅನುರಾಧಪುರದಲ್ಲಿ ‘ರಾಜರಟ ಸೇವೆ’ಯು ಮೊದಲಾಗಿ, ಕ್ರಮೇಣ ಕ್ಯಾಂಡಿಯಲ್ಲಿಯೂ ಮಾತರದಲ್ಲಿಯೂ ಪ್ರಾಂತೀಯ ಕೇಂದ್ರಗಳು ಎದ್ದುವು. ಆದರೆ ಪ್ರಾಂತದ ಕೇಂದ್ರವೆಂದರೆ ರಾಜಧಾನಿಯ ಕಚೇರಿಯ ಶಾಖೆಯಂತೆಯೇ. ಹಳ್ಳಿಯವನ ಬಾಯಿಗೆ ಅದು ಇನ್ನೂ ದೂರ.

ಹಳ್ಳಿಯ ಬಾಯನ್ನು ತೆರೆಯಿಸಿದುದು ಒಂದು ನದಿ. ಮಹಾವೇಲಿಯು ಸಿಂಹಳದ ಅತಿ ಉದ್ದವಾದ ನದಿ. ಮಧ್ಯದ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 335 ಕಿಲೋಮೀಟರು ಹರಿದು ತ್ರಿಕೋಣಮಲೆಯ ಬಳಿ ಕಡಲನ್ನು ಸೇರುವುದು. 1977ರ ತರುವಾಯ ಬಂದ ಸರ್ಕಾರವು ಈ ನದಿಗೂ ಇದರ ಉಪನದಿಗಳಿಗೂ ಒಂದರ ಹಿಂದೊಂದು ಅಣೆಕಟ್ಟುಗಳನ್ನು ಕಟ್ಟಿ, ಕೆಳಗಣ ಒಣಭೂಮಿಗೆ ನೀರನ್ನೂ ಬೆಟ್ಟಕ್ಕೆ ವಿದ್ಯುಚ್ಛಕ್ತಿಯನ್ನೂ ಒದಗಿಸುವ ಮಹಾಕಾರ್ಯವನ್ನು ತ್ವರೆಯಿಂದ ಕೈಗೊಂಡಿತು. ಮೂವತ್ತು ವರ್ಷದ ಕೆಲಸವನ್ನು ಆರೇಳು ವರ್ಷಗಳಲ್ಲಿ ಮುಗಿಸುವ ಆತುರ ಅದು. ಕೋತ್ಮಲೆಯ ಅಣೆಕಟ್ಟು 1985ರಲ್ಲಿ ಪೂರ್ಣವಾಯಿತು. ನೀರು ಏರಿದಂತೆ ಕಣಿವೆಯ ಗದ್ದೆಗಳು, ಗ್ರಾಮಗಳು, ಬೌದ್ಧ ವಿಹಾರಗಳು ಮುಳುಗಿದುವು. ಕಣಿವೆಯ ಜನರಲ್ಲಿ ಕೆಲವರು ಮೇಲಣ ಚಹದ ಭೂಮಿಯಲ್ಲಿ ನೆಲೆಯನ್ನು ಪಡೆದರು; ಅನೇಕರು ಲಾರಿಗಳಲ್ಲಿ ಪಾತ್ರೆಪಡಗಗಳನ್ನು ಹೇರಿಕೊಂಡು ಕೆಳಗಣ ಸೆಕೆಯ ಕಾಡುಭೂಮಿಗೆ ಹೊಸ ಒಕ್ಕಲಾಗಿ ಇಳಿದುಹೋದರು. ಕಾವೇರಿ, ಶರಾವತಿ, ಕೃಷ್ಣೆಯರ ತೀರದ ಮುಳುಗಡೆಯ ಊರುಗಳನ್ನು ಕಂಡ ಕನ್ನಡಿಗನಿಗೆ ಆ ಲಾರಿಗಳ ಚಿತ್ರವನ್ನು ವರ್ಣಿಸಿ ಹೇಳಬೇಕಾದುದಿಲ್ಲ.

ಇಂಥ ಒಕ್ಕಲಿಗಾಗಿಯೇ 1981ರಲ್ಲಿ ನಿಗಮವು ಯುನೆಸ್ಕೋ ಸಂಸ್ಥೆಯ ಮತ್ತು ಡೆನ್ಮಾರ್ಕ್ ದೇಶದ ನೆರವಿನಿಂದ ‘ಮಹಾವೇಲಿ ಸಮುದಾಯ ಬಾನುಲಿ’ಯನ್ನು ಆರಂಭಿಸಿತು. ಸರ್ಕಾರದ ಉದ್ದೇಶವು ಸರಳವಾಗಿದ್ದಿತು: ಹೊಸ ನೆಲದಲ್ಲಿ ಬೇಸಾಯ, ಮಲೇರಿಯದಿಂದ ರಕ್ಷಣೆ, ಸಾಲದ ವ್ಯವಹಾರ ಇವುಗಳನ್ನು ಬೋಧಿಸಬೇಕು, ಒಕ್ಕಲು ನೆಲೆಯೂರಬೇಕು. ಆದರೆ ಕೆಲಸಕ್ಕೆ ಹೋದವರು ಕ್ರಮವನ್ನು ತಿರುಗುಮುರುಗು ಮಾಡಿದರು. ಅವರು ಹಳ್ಳಿಗೆ ಹೋಗಿ ಕೆಲವು ದಿನ ಅಲ್ಲಿಯೇ ಉಳಿಯುವರು. ಮೊದಮೊದಲು ಧ್ವನಿಯನ್ನು ಹಿಡಿಯುವ ಯಂತ್ರವನ್ನು ಚೀಲದಿಂದ ಹೊರತೆಗೆಯರು. ಜಗಲಿಗಳಲ್ಲಿ ಕುಳಿತು ಮಾತನಾಡುವರು, ಗದ್ದೆಗೆ ಜೊತೆಯಲ್ಲಿ ಹೋಗುವರು. ಜನರ ಸಂಕೋಚವು ಕಳೆದ ಮೇಲೆ ಯಂತ್ರವು ಹೊರಬರುವುದು. ಕಾಲುವೆಯ ನೀರು ಬಾರದೆ ಹೋದುದು, ಆನೆಗಳು ಬೆಳೆಯನ್ನು ತುಳಿದುದು, ಬಿಟ್ಟುಬಂದ ಊರಿನ ಪದ, ಹೆಂಗಸರ ಜೋಗುಳ ಎಲ್ಲವೂ ಅದರೊಳಗೆ ಸೇರುವುವು. ಕಡೆಯಲ್ಲಿ ಊರಿನವರೆಲ್ಲ ಸೇರಿ ಹಾಡಿ ಕುಣಿಯುವ ಒಂದು ಸಂಜೆ. ಹೀಗೆ ಸಂಗ್ರಹಿಸಿದುದನ್ನು ಜೋಡಿಸಿ ಪ್ರಸಾರಮಾಡಿದಾಗ, ಬಾನುಲಿಯಲ್ಲಿ ಹಳ್ಳಿಯವನಿಗೆ ಕೇಳಿಸಿದುದು ತನ್ನದೇ ಉಚ್ಚಾರದ ಮಾತು. ನೀರಿನ ಅಧಿಕಾರಿಯು ಆ ಮಾತನ್ನು ಕೇಳಿ ಉತ್ತರವನ್ನು ಕೊಡಬೇಕಾದ ಪ್ರಸಂಗವೂ ಬಂದಿತು. ಕಂಸನಿಗೆ ದೊರೆಯದ ಸೌಲಭ್ಯ ಇದು.

1980ರ ದಶಕದ ಉತ್ತರಾರ್ಧದಲ್ಲಿ ಗಿರಾಂದುರುಕೋಟ್ಟೆ, ಮಹಾ ಇಲುಪ್ಪಲ್ಲಮ ಮುಂತಾದೆಡೆ ಸಣ್ಣ ಪ್ರಸಾರಯಂತ್ರಗಳು ನೆಲೆಗೊಂಡುವು. 1989ರಲ್ಲಿ ಕೋತ್ಮಲೆಯಲ್ಲಿಯೂ ಒಂದು ಸ್ಥಾಪಿತವಾಯಿತು. ಇದು ಬಳಸಿದುದು ಎಫ್. ಎಂ. ತರಂಗಗಳನ್ನು. ಇವು ಹ್ರಸ್ವತರಂಗಗಳಿಗೆ ಸಂಪೂರ್ಣ ವಿರುದ್ಧವಾದುವು. ಆಕಾಶದ ಕನ್ನಡಿಯಿಂದ ಮರಳುವುದಿಲ್ಲ, ದೃಷ್ಟಿಯಂತೆ ನೇರವಾಗಿ ಸಾಗಿ, ಬೆಟ್ಟವು ಅಡ್ಡಬಂದರೆ ನಿಂತುಹೋಗುವುವು. ಕೋತ್ಮಲೆಯ ದನಿಯು ಕೇಳಿಸುತ್ತಿದ್ದುದು ಸುತ್ತಲಿನ ಸುಮಾರು 20 ಕಿಲೋಮೀಟರಿನೊಳಗೆ. ಏಕಲದ 100 ಕಿಲೋವಾಟಿನ ಮುಂದೆ ಇದು ಮಿಣುಕುಹುಳು. ಆದರೆ ಬೆಟ್ಟಗಳೇ ಈ ಕೇಂದ್ರಕ್ಕೆ ಗೋಡೆಗಳಾಗಿ, ಕಣಿವೆಯೆಲ್ಲ ಒಂದು ಮನೆಯ ಪಡಸಾಲೆಯಾಯಿತು. ಸಾವಿನ ಸುದ್ದಿ, ಕಳೆದುಹೋದ ದನ, ತರಕಾರಿಯ ಧಾರಣೆ: ಸಾಮ್ರಾಜ್ಯದ ಬಾನುಲಿಗೆ ಬೇಡವಾದುವೆಲ್ಲ ಇದಕ್ಕೆ ಬೇಕಾದುವು.

ಈ ಕೇಂದ್ರದ ಹೆಸರು ಹೊರದೇಶಗಳಿಗೆ ಮುಟ್ಟಿದ್ದು 1998ರ ಬಳಿಕ. ಆಗ ಅಂತರಜಾಲವು ಕೊಲಂಬೋದಲ್ಲಿಯೇ ಅಪರೂಪ. ಹಳ್ಳಿಗಳಲ್ಲಿ ಅದರ ಹೆಸರನ್ನೂ ಕೇಳಿದವರಿರಲಿಲ್ಲ. ಅದರ ಭಾಷೆಯೂ ಬಹುಮಟ್ಟಿಗೆ ಇಂಗ್ಲಿಷು. ಯುನೆಸ್ಕೋ ನೆರವಿನಿಂದ ಕೇಂದ್ರಕ್ಕೆ ಅಂತರಜಾಲದ ಸಂಪರ್ಕವು ಬಂದಾಗ, ಅಲ್ಲಿಯವರು ಒಂದು ಸುಲಭೋಪಾಯವನ್ನು ಕಂಡುಕೊಂಡರು. ಶ್ರೋತೃಗಳು ಕಾಗದದಲ್ಲಿಯೋ ದೂರವಾಣಿಯಲ್ಲಿಯೋ ಪ್ರಶ್ನೆಗಳನ್ನು ಕಳುಹಿಸುವರು. ಕೇಂದ್ರದವರು ಉತ್ತರವನ್ನು ಗಣಕಯಂತ್ರದಲ್ಲಿ ಹುಡುಕಿ, ತಮ್ಮ ಭಾಷೆಗೆ ತಿರುಗಿಸಿ, ಬಾನುಲಿಯಲ್ಲಿ ನಿತ್ಯವೂ ಓದಿ ಹೇಳುವರು. ಒಬ್ಬನು ಕೇಳಿದ ಪ್ರಶ್ನೆಗೆ ಕಣಿವೆಯೆಲ್ಲ ಉತ್ತರವನ್ನು ಕೇಳುವುದು. ಗಂಪೊಲ, ನಾವಲಪಿಟಿಯ ಪೇಟೆಗಳ ಪುಸ್ತಕಾಲಯಗಳಲ್ಲಿ ಗಣಕಯಂತ್ರಗಳನ್ನಿಟ್ಟು ಜನರೇ ಬಂದು ನೋಡುವಂತೆಯೂ ಮಾಡಿದರು. ಅನ್ಯದೇಶಗಳ ವಿದ್ವಾಂಸರು ಇದನ್ನು ನೋಡಲೆಂದು ಬೆಟ್ಟವನ್ನೇರಿ ಬಂದು, ಹೊಗಳಿ ಬರೆದು ಹೋದರು.

ಹೊಗಳಿಕೆಯನ್ನು ಪೂರ್ಣವಾಗಿ ಒಪ್ಪುವುದಕ್ಕೆ ಮೊದಲು ಎರಡು ಮಾತುಗಳನ್ನು ತೂಗಿನೋಡಬೇಕು. ಕೋತ್ಮಲೆಯ ಬಾನುಲಿಯು ಸಮುದಾಯದ್ದೆಂದು ಹೆಸರಾದರೂ ಅದರ ಒಡೆತನವು ರಾಜ್ಯದ ನಿಗಮದ್ದು. ಯಂತ್ರದ ಗುಂಡಿಯು ಸರ್ಕಾರದ ಕೈಯಲ್ಲಿ. ಕಣಿವೆಯನ್ನು ಮುಳುಗಿಸಿದ ಸರ್ಕಾರವೇ ಕಣಿವೆಯವರಿಗೆ ಮಾತನಾಡುವ ಯಂತ್ರವನ್ನೂ ಕೊಟ್ಟಿತು. ಕಾಲುವೆಯ ನೀರು ತಡವಾಯಿತೆಂದು ಅದರಲ್ಲಿ ದೂರಬಹುದಾಗಿತ್ತು. ಕಣಿವೆಯನ್ನು ಮುಳುಗಿಸಿದುದು ನ್ಯಾಯವೇ ಎಂದು ಕೇಳಲು ಎಡೆಯಿತ್ತೆಂದು ತೋರುವುದಿಲ್ಲ. ಎರಡನೆಯದಾಗಿ, ಅದರ ಭಾಷೆಯು ಮುಖ್ಯವಾಗಿ ಸಿಂಹಳ. ಸುತ್ತಲಿನ ಚಹದ ತೋಟಗಳಲ್ಲಿ ದುಡಿಯುವವರಾದರೋ ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ತಮಿಳು ನಾಡಿನಿಂದ ಕರೆತಂದ ಕೂಲಿಗಳ ಸಂತತಿ. ಪಡಸಾಲೆಯಲ್ಲಿ ಅವರಿಗೆ ದೊರೆತ ಚಾಪೆಯು ಚಿಕ್ಕದು.

ಉತ್ತರದ ತಮಿಳು ಸೀಮೆಯ ಕಥೆಯು ಇನ್ನೂ ಕಠೋರ. ಅಂತರ್ಯುದ್ಧದ ಕಾಲದಲ್ಲಿ ಅಲ್ಲಿ ಬಂಡಾಯಗಾರರು ‘ಹುಲಿಗಳ ದನಿ’ ಎಂಬ ತಮ್ಮದೇ ಬಾನುಲಿಯನ್ನು ನಡೆಯಿಸಿದರು. ಅದೂ ಎದುರುಮಾತನ್ನು ಸಹಿಸಿದ ವಾಣಿಯಲ್ಲ. 2007ರ ನವೆಂಬರ್ 27ರಂದು ಕಿಳಿನೊಚ್ಚಿಯಲ್ಲಿದ್ದ ಅದರ ಕಟ್ಟಡದ ಮೇಲೆ ಸರ್ಕಾರದ ವಿಮಾನಗಳು ಬಾಂಬುಗಳನ್ನು ಹಾಕಿದುವು; ಒಳಗೆ ಕೆಲಸಮಾಡುತ್ತಿದ್ದವರು ಸತ್ತರು. ಯುನೆಸ್ಕೋ ಸಂಸ್ಥೆಯ ಮುಖ್ಯರು ಅದನ್ನು ಖಂಡಿಸಿದರು. ಒಂದೇ ದ್ವೀಪದಲ್ಲಿ ಒಂದು ಕಣಿವೆಯವರಿಗೆ ಯಂತ್ರವನ್ನು ಕೊಡುವುದೂ ಇನ್ನೊಂದೆಡೆ ಯಂತ್ರವನ್ನು ಸುಡುವುದೂ ನಡೆದುವೆಂಬುದನ್ನು ಚರಿತ್ರಕಾರನು ಮರೆಮಾಚತಕ್ಕುದಲ್ಲ.

ಕೊರತೆಗಳೇನೇ ಇರಲಿ, ಕಾಲದ ದೃಷ್ಟಿಯಿಂದ ನೋಡಿದರೆ ಕೋತ್ಮಲೆಯ ಹೆಜ್ಜೆಯು ದೊಡ್ಡದೇ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಗ್ರಾಮಸ್ಥರು ಯುನೆಸ್ಕೋ ನೆರವಿನಿಂದಲೇ ‘ನಮ್ಮ ಧ್ವನಿ’ಯನ್ನು 2003ರಲ್ಲಿ ತೊಡಗಿದಾಗ, ಆಕಾಶದ ಮೂಲಕ ಪ್ರಸಾರಮಾಡಲು ಭಾರತದ ಕಾನೂನು ಅವರಿಗೆ ಅಪ್ಪಣೆಯನ್ನು ಕೊಡಲಿಲ್ಲ, ತಮ್ಮ ಮಾತನ್ನು ಅವರು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಹಾಯಿಸಬೇಕಾಯಿತು. ಅಂಥ ಸಂಸ್ಥೆಗಳಿಗೆ ಭಾರತದಲ್ಲಿ ಆಕಾಶವು ತೆರೆದುದು 2006ರಲ್ಲಿ. ಅಷ್ಟರೊಳಗೆ ಕೋತ್ಮಲೆಯ ದನಿಗೆ ಹದಿನೇಳು ವರ್ಷ ತುಂಬಿತ್ತು.

ಮಳೆಯು ಕಡಮೆಯಾದ ವರ್ಷಗಳಲ್ಲಿ ಕೋತ್ಮಲೆಯ ಜಲಾಶಯವು ಇಳಿಯುವುದು. ಆಗ ನೀರಿನ ನಡುವೆ ಕಡದೊರ ವಿಹಾರದ ಗೋಡೆಗಳೂ ಕಂಬಗಳೂ ಮೆಲ್ಲಮೆಲ್ಲನೆ ಮೇಲಕ್ಕೆ ಕಾಣತೊಡಗುವುವು. ಕೆಳಗಣ ಬಯಲಿಗೆ ಒಕ್ಕಲುಹೋದ ವೃದ್ಧರು ಮೊಮ್ಮಕ್ಕಳನ್ನು ಕರೆದುಕೊಂಡು, ತಾವು ಹುಟ್ಟಿದ ಊರು ಎಲ್ಲಿತ್ತೆಂದು ತೋರಿಸುವುದಕ್ಕೆ ಕೆಸರಿನ ಮೇಲೆ ನಡೆದು ಬರುವರು.